ವರ್ಷದ ಓದಿನ ಲೆಕ್ಕಕ್ಕೆ ಗುಡ್‌ರೀಡ್ಸ್ ಮತ್ತು ಸ್ಟೋರಿಗ್ರಾಫ್: ಕಲಬುರಗಿಯ ಕನ್ನಡ ಓದುಗರಿಗೆ ಎಷ್ಟು ಒದಗುತ್ತವೆ?

ಜನವರಿಯ ಮೊದಲ ವಾರದಲ್ಲಿ ‘ಈ ವರ್ಷ ಇಷ್ಟು ಪುಸ್ತಕ ಓದಿಯೇ ತೀರುತ್ತೇನೆ’ ಎಂದು ಗುರಿ ಹಾಕಿಕೊಂಡು ಡಿಸೆಂಬರ್ ಮುಗಿಯುವವರೆಗೆ ಅದರ ಲೆಕ್ಕ ಇಡುವ ರೂಢಿ ಈಗ ನಮ್ಮ ಕಡೆಯ ಓದುಗರಲ್ಲಿಯೂ ಬೆಳೆಯುತ್ತಿದೆ. ನಾನು ಪಾಠ ಹೇಳುವ ಕಲಬುರಗಿಯ ಕಾಲೇಜಿನಲ್ಲಿ ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ಸೇರಿ ನಡೆಸುವ ಒಂದು ಸಣ್ಣ ಓದುಗರ ಬಳಗವಿದ್ದು, ಅದರಲ್ಲಿ ಹಲವರು ಓದಿದ ಪುಸ್ತಕಗಳ ಲೆಕ್ಕ ಇಡುವ ಆಪ್‌ಗಳಾದ ಗುಡ್‌ರೀಡ್ಸ್ ಅಥವಾ ಸ್ಟೋರಿಗ್ರಾಫ್ ಬಳಸುತ್ತಿದ್ದಾರೆ. ನಾನು ಎರಡನ್ನೂ ಬಳಸುತ್ತೇನೆ. ಜೊತೆಗೆ ಕೈಬರಹದ ಒಂದು ರಿಜಿಸ್ಟರ್ ಕೂಡ ಇದೆ. ಇಂಗ್ಲಿಷ್ ಪುಸ್ತಕಗಳನ್ನೇ ಹೆಚ್ಚಾಗಿ ಓದುವವರಿಗೆ ಈ ಸೇವೆಗಳು ಹೇಗಿವೆ ಎಂದು ಬರೆದವರು ಬೇಕಾದಷ್ಟು ಜನ ಇದ್ದಾರೆ. ಮುಖ್ಯವಾಗಿ ಕನ್ನಡ ಓದುವ, ಪುಸ್ತಕಗಳಲ್ಲಿ ಅರ್ಧದಷ್ಟನ್ನು ಗ್ರಂಥಾಲಯದಿಂದ ತರುವ, ಮರುಮುದ್ರಣ ಕಾಣದ ಹಳೆಯ ಪ್ರತಿಗಳಿಗಾಗಿ ಹುಡುಕಾಡುವ ಓದುಗರಿಗೆ ಇವು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತವೆ ಎಂಬುದನ್ನು ಮಾತ್ರ ಇಲ್ಲಿ ನೋಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ವಾರ್ಷಿಕ ಗುರಿ ಇಟ್ಟುಕೊಳ್ಳುವುದು ನಿಜಕ್ಕೂ ಓದನ್ನು ಬೆಳೆಸುತ್ತದೆ. ಆದರೆ ಆ ಗುರಿಯನ್ನು ಪುಸ್ತಕಗಳ ಸಂಖ್ಯೆಗಿಂತ ಪುಟಗಳಲ್ಲಿ ಇಟ್ಟುಕೊಂಡವರಿಗೆ ಅದು ಹೆಚ್ಚು ಫಲ ಕೊಡುತ್ತದೆ, ಮತ್ತು ಕನ್ನಡ ಪುಸ್ತಕಗಳ ದಾಖಲೆಯನ್ನು ತಾವೇ ಸರಿಪಡಿಸುವ ತಾಳ್ಮೆ ಇದ್ದವರಿಗೆ ಮಾತ್ರ ಈ ಆಪ್‌ಗಳು ಪೂರ್ತಿ ಒಲಿಯುತ್ತವೆ.

ಗುಡ್‌ರೀಡ್ಸ್ 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಸೇವೆ; 2013ರಲ್ಲಿ ಅದನ್ನು ಅಮೆಜಾನ್ ಕೊಂಡುಕೊಂಡಿತು. ಇಂದು ಜಗತ್ತಿನ ತುಂಬ ಲಕ್ಷಾಂತರ ಜನ ಹಾಕಿಕೊಳ್ಳುವ ವಾರ್ಷಿಕ ಸವಾಲನ್ನು ಅದು 2011ರಿಂದ ನಡೆಸುತ್ತಿದೆ. ಅದರ ವಿಧಾನ ಅತ್ಯಂತ ಸರಳ. ವರ್ಷಾರಂಭದಲ್ಲಿ ಒಂದು ಸಂಖ್ಯೆ ಕೊಡಬೇಕು; ಪುಸ್ತಕ ಮುಗಿದಾಗ ‘ಓದಿದ್ದು’ ಎಂಬ ಕಪಾಟಿಗೆ ಸೇರಿಸಬೇಕು; ಉಳಿದ ಲೆಕ್ಕವನ್ನೆಲ್ಲ ಅದೇ ಮಾಡುತ್ತದೆ. ಗುರಿಯನ್ನು ವರ್ಷದ ನಡುವೆ ಯಾವಾಗ ಬೇಕಾದರೂ ಹೆಚ್ಚಿಸಬಹುದು, ಇಳಿಸಬಹುದು. ಸ್ನೇಹಿತರ ಗುರಿಯೂ ಅವರು ಎಲ್ಲಿಯವರೆಗೆ ಬಂದಿದ್ದಾರೆ ಎಂಬುದೂ ಕಾಣಿಸುತ್ತದೆ. ವರ್ಷದ ಕೊನೆಗೆ ಓದಿದ ಪುಸ್ತಕಗಳ ಮುಖಪುಟಗಳನ್ನೆಲ್ಲ ಸೇರಿಸಿ, ಒಟ್ಟು ಪುಟ, ಅತಿ ದೊಡ್ಡ ಮತ್ತು ಅತಿ ಚಿಕ್ಕ ಪುಸ್ತಕ ಮೊದಲಾದ ವಿವರಗಳೊಡನೆ ಒಂದು ವಾರ್ಷಿಕ ಪುಟವನ್ನು ಕಟ್ಟಿಕೊಡುತ್ತದೆ. ಆ ಪುಟ ನಮ್ಮ ಬಳಗದ ಪ್ರತಿಯೊಬ್ಬರಿಗೂ ಬಹಳ ಪ್ರಿಯವಾದದ್ದು.

ಹೊಸದಾಗಿ ಸೇರುವವರು ಒಂದು ವಿಷಯ ತಿಳಿದಿರಬೇಕು. ಗುಡ್‌ರೀಡ್ಸ್ ಸವಾಲಿನಲ್ಲಿ ಪುಸ್ತಕ ಲೆಕ್ಕಕ್ಕೆ ಬರುವುದು ಓದಿ ಮುಗಿಸಿದ ದಿನಾಂಕದ ಮೇಲೆ. ಕಪಾಟಿಗೆ ಸೇರಿಸಿ ದಿನಾಂಕವನ್ನು ಖಾಲಿ ಬಿಟ್ಟರೆ ಅದು ಆ ವರ್ಷದ ಸವಾಲಿಗೆ ಸೇರುವುದಿಲ್ಲ. ಹಿಂದಿನ ವರ್ಷ ಆರಂಭಿಸಿ ಜನವರಿಯಲ್ಲಿ ಮುಗಿಸಿದ್ದು ಹೊಸ ವರ್ಷಕ್ಕೆ ಸೇರುತ್ತದೆ. ಒಮ್ಮೆ ಓದಿದ್ದನ್ನು ಮತ್ತೆ ಓದಿದರೆ ಎರಡನೆಯ ಓದಿಗೆ ಬೇರೆ ದಿನಾಂಕ ಕೊಡುವ ವ್ಯವಸ್ಥೆ ಇದ್ದು, ಅದೂ ಗುರಿಗೆ ಕೂಡುತ್ತದೆ. ಪಠ್ಯಕ್ಕೆ ಇಟ್ಟ ಕೃತಿಗಳನ್ನು ವರ್ಷ ವರ್ಷ ಮರಳಿ ಓದುವ ಅಧ್ಯಾಪಕರಿಗೆ ಇದು ಸಣ್ಣ ಸಂಗತಿಯಲ್ಲ.

ಸವಾಲಿನ ಗತಿಯನ್ನು ತೋರಿಸುವ ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಓದುಗರು ಉತ್ಸಾಹ ಕಳೆದುಕೊಳ್ಳುವುದು ಅಲ್ಲಿಯೇ. ಗುರಿಯನ್ನು 365 ದಿನಗಳಿಗೆ ಸಮನಾಗಿ ಹಂಚಿ, ಇಂದಿನ ದಿನಕ್ಕೆ ಎಷ್ಟಾಗಬೇಕಿತ್ತು ಎಂದು ನೋಡಿ, ನೀವು ಮುಂದಿದ್ದೀರೋ ಹಿಂದಿದ್ದೀರೋ ಎಂದು ಹೇಳುವುದು ಇಂಥ ಆಪ್‌ಗಳ ಕ್ರಮ. 36 ಪುಸ್ತಕಗಳ ಗುರಿ ಇದ್ದರೆ ವರ್ಷದ ನೂರನೆಯ ದಿನ, ಅಂದರೆ ಏಪ್ರಿಲ್ 10ಕ್ಕೆ, ಹೆಚ್ಚುಕಡಿಮೆ 10 ಪುಸ್ತಕ ಮುಗಿದಿರಬೇಕು. ಲೆಕ್ಕ ಸರಿ, ಆದರೆ ನಮ್ಮ ಭಾಗದ ವರ್ಷ ಹಾಗೆ ಸಮನಾಗಿ ಸಾಗುವುದಿಲ್ಲ. ಡಿಸೆಂಬರ್, ಜನವರಿ ಎಂದರೆ ತೊಗರಿ ರಾಶಿಯ ಕಾಲ. ಅಫಜಲಪುರ, ಜೇವರ್ಗಿ, ಆಳಂದದ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಆಗ ಹೊಲದಲ್ಲಿರುತ್ತಾರೆ. ಉಳಿದವರು ಸವಾಲು ಆರಂಭಿಸುವ ದಿನ ಅವರ ಕೈಯಲ್ಲಿ ಪುಸ್ತಕವೇ ಇರುವುದಿಲ್ಲ. ಮಾರ್ಚ್‌ನಿಂದ ಪರೀಕ್ಷೆ, ಆಮೇಲೆ ನಮ್ಮಂಥವರಿಗೆ ಮೌಲ್ಯಮಾಪನ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವುದೇ ಕಷ್ಟವಾದಾಗ, ಕಿಟಕಿಯ ಪರದೆ ಇಳಿಸಿ ಕೂಲರ್ ಹಾಕಿಕೊಂಡು ಕೂತರೆ ಸಂಜೆಯವರೆಗೆ ಓದಿಗೆ ಅಡ್ಡಿಯಿಲ್ಲ. ಬಳಗದ ಬಹುಪಾಲು ಜನ ವರ್ಷದ ಓದಿನ ದೊಡ್ಡ ಭಾಗವನ್ನು ಮುಗಿಸುವುದು ಆ ಐದಾರು ವಾರಗಳಲ್ಲಿ. ಬಿ.ಎ. ಓದುವ ಒಬ್ಬ ಹುಡುಗ ಫೆಬ್ರವರಿಯಲ್ಲಿ ಮೊಬೈಲ್ ತೋರಿಸಿ, ‘ಸರ, ನಾ ದಿನಾ ಓದ್ಲಕತ್ತೀನ್ರಿ, ಆದ್ರೂ ಇದು ಹಿಂದ ಬಿದ್ದಿ ಅಂತ ತೋರಸ್ಲಕತ್ತದ್ರಿ’ ಎಂದ. ಅವನು ಓದುತ್ತಿದ್ದುದು ಐನೂರು ಪುಟಗಳ ಒಂದು ಕಾದಂಬರಿ. ಅದು ಮುಗಿಯುವವರೆಗೆ ಅವನ ಖಾತೆಯಲ್ಲಿ ಒಂದು ಅಂಕಿಯೂ ಏರುವಂತಿರಲಿಲ್ಲ. ಅಂಥ ಓದುಗರಿಗೆ ನಾನು ಹೇಳುವುದು ಇಷ್ಟೇ: ಆ ಗತಿಯ ಸಾಲನ್ನು ಜೂನ್‌ವರೆಗೆ ನೋಡಲೇಬೇಡಿ. ಮೇ ಕಳೆದ ಮೇಲೆ ನೋಡಿದರೆ ಅದು ನಿಮ್ಮ ನಿಜವಾದ ಸ್ಥಿತಿಗೆ ಹತ್ತಿರವಾಗಿರುತ್ತದೆ.

ಇಲ್ಲಿಂದಲೇ ಪುಸ್ತಕ ಮತ್ತು ಪುಟಗಳ ಪ್ರಶ್ನೆ ಏಳುತ್ತದೆ. ಗುಡ್‌ರೀಡ್ಸ್ ಸವಾಲಿನಲ್ಲಿ 60 ಪುಟಗಳ ಕವನ ಸಂಕಲನವೂ ಒಂದು, 1967ರಲ್ಲಿ ಪ್ರಕಟವಾದ, ಏಳುನೂರು ಪುಟ ಮೀರುವ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೂಡ ಒಂದು. ಸಂಖ್ಯೆ ಮುಟ್ಟುವ ಆತುರದಲ್ಲಿರುವ ಓದುಗ ಅಕ್ಟೋಬರ್ ನಂತರ ತಾನಾಗಿಯೇ ತೆಳು ಪುಸ್ತಕಗಳ ಕಡೆ ಕೈ ಚಾಚುತ್ತಾನೆ, ದೊಡ್ಡ ಕಾದಂಬರಿಯನ್ನು ಮುಂದಿನ ವರ್ಷಕ್ಕೆ ದೂಡುತ್ತಾನೆ. ಇದನ್ನು ನಾನು ಬಳಗದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ವಚನಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಒಟ್ಟು 15. ಅವುಗಳಲ್ಲಿ ಒಂದನ್ನು ಮನಸ್ಸಿಟ್ಟು ಓದಲು ಎರಡು ತಿಂಗಳು ಹಿಡಿದರೂ ಅದು ಹೆಚ್ಚಲ್ಲ, ಏಕೆಂದರೆ ಒಂದೇ ವಚನದ ಮುಂದೆ ಒಂದು ಸಂಜೆ ಕಳೆಯುವುದು ಆ ಓದಿನ ಸಹಜ ರೀತಿ. ಆ ಎರಡು ತಿಂಗಳಿಗೆ ಸಿಗುವ ಅಂಕ ಒಂದೇ ಒಂದು. ವಚನ ಚಳವಳಿ ನಡೆದ ನೆಲದಲ್ಲಿ ಬದುಕುವ ಓದುಗರು ಇಂಥ ಲೆಕ್ಕಕ್ಕೆ ಮಣಿದು ವಚನಗಳನ್ನು ಪಕ್ಕಕ್ಕಿಡುವಂತಾಗಬಾರದು ಎಂಬುದು ನನ್ನ ಖಚಿತ ನಿಲುವು.

ಪುಟಗಳಲ್ಲಿ ಗುರಿ ಇಡುವವರಿಗೆ ಲೆಕ್ಕ ಕಷ್ಟವೇನಲ್ಲ. ದಿನಕ್ಕೆ 15 ಪುಟ ಎಂದರೆ ವರ್ಷಕ್ಕೆ 5,475. ದಿನಕ್ಕೆ 25 ಎಂದರೆ 9,125. ಕನ್ನಡದ ಸಾಮಾನ್ಯ ಗಾತ್ರದ ಪುಸ್ತಕವನ್ನು 200 ಪುಟ ಎಂದಿಟ್ಟುಕೊಂಡರೆ ಮೊದಲನೆಯದು 27 ಪುಸ್ತಕಗಳಿಗೆ, ಎರಡನೆಯದು 45 ಪುಸ್ತಕಗಳಿಗೆ ಸಮ. ಕೆಲಸ, ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಳ್ಳುವವರಿಗೆ ದಿನಕ್ಕೆ 15 ಪುಟ ಸಾಕು. ಕಲಬುರಗಿಯಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಕೆಲಸವಿದ್ದವರು ಹೋಗುವಾಗ ಬರುವಾಗ ಸೇರಿಸಿ ನೂರು ಪುಟ ಸುಲಭವಾಗಿ ಓದಿಬಿಡುತ್ತಾರೆ.

ಈ ಕಾರಣಕ್ಕಾಗಿಯೇ ಸ್ಟೋರಿಗ್ರಾಫ್ ನನಗೆ ಹೆಚ್ಚು ಹಿಡಿಸಿದೆ. ನಾಡಿಯಾ ಒಡುನಾಯೊ ಎಂಬ ಸಾಫ್ಟ್‌ವೇರ್ ಡೆವಲಪರ್ 2019ರಲ್ಲಿ ಆರಂಭಿಸಿದ ಈ ಸೇವೆಯಲ್ಲಿ ಪುಸ್ತಕಗಳ ಗುರಿ, ಪುಟಗಳ ಗುರಿ, ಆಡಿಯೊ ಕೇಳುವವರಿಗಾಗಿ ಗಂಟೆಗಳ ಗುರಿ ಎಂದು ಬೇರೆ ಬೇರೆ ಇಟ್ಟುಕೊಳ್ಳಬಹುದು. ಓದುತ್ತಿರುವಾಗಲೇ ಯಾವ ಪುಟದವರೆಗೆ ಬಂದಿದ್ದೇವೆ ಎಂದು ದಾಖಲಿಸುತ್ತ ಹೋದರೆ ಆ ಪುಟಗಳು ಅಂದೇ ಲೆಕ್ಕಕ್ಕೆ ಸೇರುತ್ತವೆ. ಮೇಲೆ ಹೇಳಿದ ಹುಡುಗನಿಗೆ ಇದನ್ನು ತೋರಿಸಿದ ಮೇಲೆ ಅವನು ಆ ಐನೂರು ಪುಟಗಳ ಕಾದಂಬರಿಯನ್ನು ಬಿಡದೆ ಮುಗಿಸಿದ. ಓದಿ ಮುಗಿಸಲಾಗದೆ ಬಿಟ್ಟದ್ದಕ್ಕೆ ಬೇರೆಯೇ ಗುರುತಿದೆ. ನಕ್ಷತ್ರಗಳನ್ನು ಅರ್ಧ, ಕಾಲುಗಳಲ್ಲಿಯೂ ಕೊಡಬಹುದು. ಕಥನ ಎಷ್ಟು, ಕಥನೇತರ ಎಷ್ಟು, ತಿಂಗಳಿಗೆ ಎಷ್ಟು ಪುಟ ಎಂಬುದನ್ನೆಲ್ಲ ನಕ್ಷೆಯಲ್ಲಿ ತೋರಿಸುತ್ತದೆ. ನನ್ನ ತಿಂಗಳವಾರು ನಕ್ಷೆಯಲ್ಲಿ ಮೇ ತಿಂಗಳ ಕಂಬ ಉಳಿದೆಲ್ಲವನ್ನೂ ಮೀರಿ ನಿಂತಿರುವುದು ಮೇಲೆ ಹೇಳಿದ ಬಿಸಿಲಿನ ಮಾತಿಗೆ ಸಾಕ್ಷಿ. ಬಳಕೆ ಉಚಿತ, ಹೆಚ್ಚಿನ ವಿಶ್ಲೇಷಣೆ ಬೇಕೆನ್ನುವವರಿಗೆ ಹಣ ಕೊಡುವ ಯೋಜನೆಯೂ ಇದೆ, ಆದರೆ ವಾರ್ಷಿಕ ಗುರಿಗೆ ಅದರ ಅಗತ್ಯ ಬೀಳುವುದಿಲ್ಲ.

ಒಂದು ಭಾಗ ಮಾತ್ರ ಕನ್ನಡ ಓದುಗರಿಗೆ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಪುಸ್ತಕದ ಭಾವ, ವೇಗ ಮೊದಲಾದ ಗುರುತುಗಳನ್ನು ಸ್ಟೋರಿಗ್ರಾಫ್ ಓದುಗರು ಕೊಟ್ಟ ಉತ್ತರಗಳಿಂದ ಕಟ್ಟುತ್ತದೆ. ಇಂಗ್ಲಿಷ್‌ನ ಜನಪ್ರಿಯ ಕಾದಂಬರಿಗೆ ಸಾವಿರಾರು ಉತ್ತರಗಳಿದ್ದರೆ ಕನ್ನಡದ ಒಳ್ಳೆಯ ಕಾದಂಬರಿಗೂ ಒಬ್ಬರೋ ಇಬ್ಬರೋ ಬರೆದಿರುತ್ತಾರೆ, ಇಲ್ಲವೇ ಯಾರೂ ಬರೆದಿರುವುದಿಲ್ಲ. ಅದನ್ನು ತುಂಬಬೇಕಾದವರು ನಾವೇ. ಎರಡೂ ಸೇವೆಗಳ ಪರದೆಯ ಭಾಷೆ ಇಂಗ್ಲಿಷ್ ಆದರೂ ವಿಮರ್ಶೆಯನ್ನು ಕನ್ನಡ ಲಿಪಿಯಲ್ಲಿ ಬರೆಯಲು ಯಾವ ತೊಡಕೂ ಇಲ್ಲ.

ಈಗ ಕನ್ನಡ ಪುಸ್ತಕಗಳ ದಾಖಲೆಯ ವಿಷಯಕ್ಕೆ ಬರುತ್ತೇನೆ. ಈ ವಿಮರ್ಶೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಹೊಸ ಪುಸ್ತಕವಾದರೆ ಹಿಂಬದಿಯ ಬಾರ್‌ಕೋಡನ್ನು ಮೊಬೈಲ್‌ನಿಂದ ಸ್ಕ್ಯಾನ್ ಮಾಡಿದೊಡನೆ ದಾಖಲೆ ಸಿಗುವ ಸಂಭವವಿದೆ. ಭಾರತದ ಪುಸ್ತಕಗಳ ಐಎಸ್‌ಬಿಎನ್, ಅಂದರೆ ಪ್ರತಿ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ, 978-81 ಅಥವಾ 978-93ರಿಂದ ಆರಂಭವಾಗುತ್ತದೆ. 2007ರ ಜನವರಿಗೆ ಮುಂಚಿನ ಮುದ್ರಣಗಳಲ್ಲಿ ಹತ್ತು ಅಂಕಿಯ ಹಳೆಯ ಸಂಖ್ಯೆ ಇರುತ್ತದೆ. ಆದರೆ ಗ್ರಂಥಾಲಯದಿಂದ ತರುವ 1960ರ, 70ರ ದಶಕಗಳ ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಆ ಸಂಖ್ಯೆಯೇ ಇರುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗದ ಪ್ರಕಟಣೆಗಳು, ಮಠಗಳು ತಂದ ಪುಸ್ತಕಗಳು, ಲೇಖಕರು ತಾವೇ ಅಚ್ಚು ಹಾಕಿಸಿದ ಕವನ ಸಂಕಲನಗಳು, ಜಿಲ್ಲಾ ಸಮ್ಮೇಳನಗಳ ಸ್ಮರಣ ಸಂಚಿಕೆಗಳು ಇಂಥವನ್ನು ಓದುವವರು ಹುಡುಕು ಪೆಟ್ಟಿಗೆಯಲ್ಲಿ ಹೆಸರು ಹಾಕಿ ಏನೂ ಸಿಗದೆ ನಿಲ್ಲುವುದು ಸಾಮಾನ್ಯ. ಇನ್ನು ಕೆಲವು ಸಿಗುತ್ತವೆ, ಆದರೆ ಒಂದೇ ಕೃತಿ ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ಬೇರೆ ಕಾಗುಣಿತದೊಡನೆ ಎರಡು ಮೂರು ಸಲ, ಹೀಗೆ ಚದುರಿಕೊಂಡಿರುತ್ತದೆ. ಹುಡುಕುವಾಗ ಈ ಎಲ್ಲ ಬಗೆಯಲ್ಲಿಯೂ ಹುಡುಕಿ, ಹೆಚ್ಚು ಓದುಗರಿರುವ ದಾಖಲೆಯನ್ನು ಆಯ್ದುಕೊಳ್ಳುವುದು ಒಳ್ಳೆಯದು.

ಹೊಸ ದಾಖಲೆ ಸೇರಿಸಬೇಕಾದಾಗ ಬೇಕಾಗುವ ವಿವರವೆಲ್ಲ ಕನ್ನಡ ಪುಸ್ತಕದ ಒಳಗೇ ಅಚ್ಚುಕಟ್ಟಾಗಿ ಸಿಗುತ್ತದೆ. ಒಳಮುಖಪುಟ ತಿರುಗಿಸಿದರೆ ಬರುವ ಎಡಬದಿಯ ಪುಟದಲ್ಲಿ ‘ಮೊದಲ ಮುದ್ರಣ’, ‘ಪ್ರತಿಗಳು: 1000’, ‘ಪುಟಗಳು: 16 + 232’, ‘ಡೆಮಿ 1/8’, ‘ಬಳಸಿದ ಕಾಗದ: 70 ಜಿ.ಎಸ್.ಎಂ.’ ಎಂಬ ರೀತಿಯ ಸಾಲುಗಳು, ಬೆಲೆ, ಪ್ರಕಾಶಕರ ವಿಳಾಸ, ಮುದ್ರಣಾಲಯ ಎಲ್ಲವೂ ಇರುತ್ತವೆ. ಪುಟಗಳ ಸಾಲಿನಲ್ಲಿ ಕೂಡಿಸುವ ಚಿಹ್ನೆಯ ಹಿಂದಿರುವುದು ಮುನ್ನುಡಿ, ಅರಿಕೆ, ಪರಿವಿಡಿಗಳ ಪುಟ. ಮುಂದಿರುವುದು ಮುಖ್ಯ ಪಠ್ಯದ ಪುಟ. ನಾನು ಎರಡನ್ನೂ ಕೂಡಿಸಿಯೇ ದಾಖಲಿಸುತ್ತೇನೆ, ಏಕೆಂದರೆ ಕನ್ನಡದಲ್ಲಿ ಮುನ್ನುಡಿ ಎಂಬುದು ಹಲವು ಸಲ ಪುಸ್ತಕದ ಅತ್ಯುತ್ತಮ ವಿಮರ್ಶೆಯಾಗಿರುತ್ತದೆ. ಅದನ್ನು ಬಿಟ್ಟು ಓದುವವರಲ್ಲ ನಾವು. ಮುದ್ರಣದ ವರ್ಷವನ್ನೂ ನೋಡಿ ಹಾಕಬೇಕು. ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದರೆ 300 ಪುಟಗಳ ಕಾದಂಬರಿ 380 ಪುಟಗಳಾಗುವುದುಂಟು; ಪುಟಗಳ ಗುರಿ ಇಟ್ಟವರಿಗೆ ತಮ್ಮ ಕೈಯಲ್ಲಿರುವ ಆವೃತ್ತಿಯನ್ನೇ ಆರಿಸಿಕೊಳ್ಳುವುದು ಇದಕ್ಕಾಗಿಯೇ ಮುಖ್ಯ.

ಸ್ಟೋರಿಗ್ರಾಫ್‌ನಲ್ಲಿ ಇಲ್ಲದ ಪುಸ್ತಕವನ್ನು ಬಳಕೆದಾರರೇ ಸೇರಿಸಬಹುದು. ಗುಡ್‌ರೀಡ್ಸ್‌ನಲ್ಲಿ ದಾಖಲೆಗಳನ್ನು ತಿದ್ದುವ, ಒಂದೇ ಕೃತಿಯ ಬೇರೆ ಬೇರೆ ಆವೃತ್ತಿಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ಸ್ವಯಂಸೇವಕ ಗ್ರಂಥಪಾಲಕರು ಮಾಡುತ್ತಾರೆ. ಸಂಬಳವಿಲ್ಲದೆ ಈ ಕೆಲಸ ಮಾಡುವ ಕನ್ನಡಿಗರಿಗೆ ನಾವೆಲ್ಲರೂ ಋಣಿಗಳು. ಕನ್ನಡದ ಎಷ್ಟೋ ಲೇಖಕರ ಪುಟಗಳು ಇಂದು ನೋಡುವಂತಿದ್ದರೆ ಅದಕ್ಕೆ ಅವರ ಶ್ರಮ ಕಾರಣ. ನಮ್ಮ ಭಾಗದಿಂದ ಇಂಥ ಸ್ವಯಂಸೇವಕರು ಇನ್ನಷ್ಟು ಜನ ಬೇಕು. ಕಲ್ಯಾಣ ಕರ್ನಾಟಕದ ಪ್ರಕಾಶನಗಳ ಪುಸ್ತಕಗಳು ಈ ಪಟ್ಟಿಗಳಲ್ಲಿ ಇಲ್ಲದಿದ್ದರೆ ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತು ಮುಂದಿನ ಓದು ಹುಡುಕುವವರ ಕಣ್ಣಿಗೆ ಅವು ಬೀಳುವುದು ಹೇಗೆ?

ಇ-ಪುಸ್ತಕಗಳ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಅಮೆಜಾನ್‌ನ ಇ-ಓದಿನ ಸೇವೆಯಾದ ಕಿಂಡಲ್‌ನಲ್ಲಿ ಓದಿದ್ದು ಗುಡ್‌ರೀಡ್ಸ್‌ಗೆ ತಾನಾಗಿಯೇ ಸೇರುವ ಅನುಕೂಲವಿದೆ. ಆದರೆ 2016ರ ಕೊನೆಯಲ್ಲಿ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಓದು ಬೆಳೆದದ್ದು ಮೈಲ್ಯಾಂಗ್‌ನಂಥ ನಮ್ಮದೇ ಆಪ್‌ಗಳಲ್ಲಿ. ಅಲ್ಲಿ ಓದಿದ್ದನ್ನು ಕೈಯಿಂದಲೇ ದಾಖಲಿಸಬೇಕಾಗುತ್ತದೆ. ಪುಸ್ತಕ ಮುಗಿದ ದಿನವೇ ಬರೆದಿಟ್ಟರೆ ಅದು ಹೊರೆಯೆನಿಸುವುದಿಲ್ಲ.

ಸ್ಟೋರಿಗ್ರಾಫ್‌ನಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಸಂಖ್ಯೆಯ ಗುರಿಯಲ್ಲ, ಸೂಚನೆಗಳ ಸವಾಲು. ಯಾವ ಓದುಗರಾದರೂ ತಮ್ಮದೇ ಒಂದು ಸವಾಲು ರೂಪಿಸಿ, ‘ಇಂಥದ್ದೊಂದು ಪುಸ್ತಕ ಓದಿ’ ಎಂಬ ಸೂಚನೆಗಳನ್ನು ಹಾಕಿ, ಇತರರನ್ನು ಸೇರಿಸಿಕೊಳ್ಳಬಹುದು. ನಮ್ಮ ಬಳಗ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಒಂದೊಂದು ಸೂಚನೆ ಹಾಕಿಕೊಂಡಿತು. ಬೀದರಿಗೆ ಬಸವಕಲ್ಯಾಣದ ಶರಣರ ವಚನಗಳ ಒಂದು ಸಂಪುಟ. ಯಾದಗಿರಿಗೆ ಸುರಪುರ ತಾಲ್ಲೂಕಿನ ಮುದನೂರಿನ ದೇವರ ದಾಸಿಮಯ್ಯನ ವಚನಗಳು. ಕಲಬುರಗಿಗೆ ಗೀತಾ ನಾಗಭೂಷಣ ಅವರ ಯಾವುದಾದರೂ ಕಾದಂಬರಿ. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ಆ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿ. ರಾಯಚೂರಿಗೆ ಕನ್ನಡದಲ್ಲಿ ಗಜಲ್ ಬರೆದ ಶಾಂತರಸರು, ಕೊಪ್ಪಳಕ್ಕೆ ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರು, ವಿಜಯನಗರಕ್ಕೆ ಕೊಟ್ಟೂರಿನ ಕುಂ. ವೀರಭದ್ರಪ್ಪನವರು, ಬಳ್ಳಾರಿಗೆ ನಟ ಬಳ್ಳಾರಿ ರಾಘವ ಅವರನ್ನು ಕುರಿತ ಒಂದು ಪುಸ್ತಕ. ಎಂಟನೆಯದಾಗಿ ‘ಕೊಂಡು ಇಟ್ಟು ಇನ್ನೂ ತೆರೆಯದ ಪುಸ್ತಕ’ ಎಂದೊಂದು ಸೂಚನೆ ಸೇರಿಸಿದೆವು. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ನಡೆದ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಚೀಲ ತುಂಬ ಕೊಂಡ ಪುಸ್ತಕಗಳು ನಮ್ಮಲ್ಲಿ ಹಲವರ ಮನೆಯಲ್ಲಿ ಹಾಗೆಯೇ ಇದ್ದವು. ಆ ಸೂಚನೆಯ ನೆವದಲ್ಲಿ ಅವು ಒಂದೊಂದಾಗಿ ಹೊರಬಂದವು.

ಈ ಎಂಟು ಪುಸ್ತಕಗಳ ಸವಾಲು ಬಳಗದ ಮಾತುಕತೆಯನ್ನೇ ಬದಲಿಸಿತು. ಮೊದಲು ‘ನಿಮ್ಮದು ಎಷ್ಟಾಯಿತು?’ ಎಂದು ಕೇಳುತ್ತಿದ್ದವರು ‘ದಾಸಿಮಯ್ಯ ಎಲ್ಲಿ ಸಿಕ್ಕಿತು?’ ಎಂದು ಕೇಳತೊಡಗಿದರು. ಒಬ್ಬರಿಗೆ ನಗರ ಕೇಂದ್ರ ಗ್ರಂಥಾಲಯದಲ್ಲಿ ಸಿಕ್ಕಿದ್ದು ಇನ್ನೊಬ್ಬರ ಕೈಗೆ ಹೋಗುವುದು, ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಗ್ರಂಥಾಲಯದಲ್ಲಿ ಕೂತು ಓದಬೇಕಾದದ್ದಕ್ಕೆ ಇಬ್ಬರು ಮೂವರು ಒಟ್ಟಿಗೆ ಹೋಗುವುದು ನಡೆಯಿತು. ಉರ್ದು ವಿಭಾಗದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಶಾಂತರಸರ ಗಜಲ್‌ಗಳನ್ನು ಓದಿಸಿಕೊಂಡು ಕೇಳಿ, ತಾವು ಓದುತ್ತಿದ್ದ ದಖನಿ ಕಾವ್ಯವನ್ನು ನಮಗೆ ಓದಿ ಹೇಳಿದರು. ಅವರ ಉರ್ದು ಪುಸ್ತಕಗಳನ್ನು ದಾಖಲಿಸುವಾಗಲೂ ನಮ್ಮ ಪುಸ್ತಕಗಳ ತೊಂದರೆಯೇ ಎದುರಾಯಿತು: ಲಿಪಿ ಒಂದು ಕಡೆ, ಇಂಗ್ಲಿಷ್ ಕಾಗುಣಿತ ಇನ್ನೊಂದು ಕಡೆ, ಪುಟಗಳ ಸಂಖ್ಯೆ ಎಲ್ಲಿಯೂ ಇಲ್ಲ. ಅವರ ಪುಸ್ತಕಗಳ ವಿವರವನ್ನೂ ಅವರೊಡನೆ ಕೂತು ತುಂಬಿಸಿದೆವು.

ಹಾಗಾದರೆ ಯಾರಿಗೆ ಯಾವುದು? ಬಹಳ ಜನ ಸ್ನೇಹಿತರು ಈಗಾಗಲೇ ಗುಡ್‌ರೀಡ್ಸ್‌ನಲ್ಲಿ ಇದ್ದರೆ, ಅವರು ಏನು ಓದುತ್ತಿದ್ದಾರೆ ಎಂದು ನೋಡಿ ಮುಂದಿನ ಪುಸ್ತಕ ಆಯ್ದುಕೊಳ್ಳುವ ಅಭ್ಯಾಸ ನಿಮ್ಮದಾದರೆ, ಅಲ್ಲಿಯೇ ಇರಿ. ಕನ್ನಡ ಓದುಗರ ಬರಹ ಹೆಚ್ಚು ಸಿಗುವುದೂ ಅಲ್ಲಿಯೇ. ಗುರಿಯನ್ನು ಮಾತ್ರ ಚಿಕ್ಕದಾಗಿ, 12 ಅಥವಾ 18 ಎಂದು ಇಟ್ಟುಕೊಂಡು, ದೊಡ್ಡ ಪುಸ್ತಕಕ್ಕೆ ಜಾಗ ಬಿಡಿ. ದಿನದಿನದ ಓದನ್ನು ಗಟ್ಟಿ ಮಾಡಿಕೊಳ್ಳಬೇಕೆನ್ನುವವರು, ದೊಡ್ಡ ಕೃತಿಗಳನ್ನು ಓದುವವರು, ಬಳಗ ಕಟ್ಟಿಕೊಂಡು ಓದುವವರು ಸ್ಟೋರಿಗ್ರಾಫ್ ಹಿಡಿಯಬೇಕು. ಗುಡ್‌ರೀಡ್ಸ್‌ನ ದಾಖಲೆಗಳನ್ನು ಒಂದು ಫೈಲ್ ಆಗಿ ಇಳಿಸಿಕೊಂಡು ಸ್ಟೋರಿಗ್ರಾಫ್‌ಗೆ ಏರಿಸುವ ವ್ಯವಸ್ಥೆ ಇರುವುದರಿಂದ ಹಳೆಯ ವರ್ಷಗಳ ಲೆಕ್ಕ ಕಳೆದುಹೋಗುವುದಿಲ್ಲ. ಐಎಸ್‌ಬಿಎನ್ ಇಲ್ಲದ ಕನ್ನಡ ಪುಸ್ತಕಗಳನ್ನು ಮಾತ್ರ ಏರಿಸಿದ ಮೇಲೆ ಒಂದೊಂದಾಗಿ ನೋಡಿಕೊಳ್ಳಬೇಕು. ಮೊಬೈಲ್ ಬೇಡವೆನ್ನುವ ಹಿರಿಯರಿಗೆ ರಿಜಿಸ್ಟರ್ ಏನೂ ಕಡಿಮೆಯಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗೆರೆ ಹಾಕಿದ ಉದ್ದನೆಯ ಪುಸ್ತಕದಲ್ಲಿ ಆರಂಭಿಸಿದ ದಿನ, ಮುಗಿಸಿದ ದಿನ, ಹೆಸರು, ಲೇಖಕರು, ಪ್ರಕಾಶಕರು, ಪುಟ, ಎಲ್ಲಿಂದ ತಂದದ್ದು ಎಂಬ ಏಳು ಕಾಲಂ ಹಾಕಿದರೆ ಸಾಕು. ಆ ಕೊನೆಯ ಕಾಲಂ ಎರಡೂ ಆಪ್‌ಗಳಲ್ಲಿ ಮೊದಲೇ ಸಿದ್ಧವಾಗಿ ಬರುವುದಿಲ್ಲ, ಅದಕ್ಕಾಗಿ ಬೇರೆ ಕಪಾಟು ಅಥವಾ ಟ್ಯಾಗ್ ಮಾಡಿಕೊಳ್ಳಬೇಕು. ಆದರೆ ಯಾರ ಕಪಾಟಿನಿಂದ ತಂದ ಪುಸ್ತಕ ಯಾರಿಗೆ ಹಿಂತಿರುಗಬೇಕು ಎಂಬುದು ನಮ್ಮ ಬಳಗದಲ್ಲಿ ನಿತ್ಯ ಬೇಕಾಗುವ ಮಾಹಿತಿ.

ಯಾವ ಆಪ್ ಬಳಸಿದರೂ ಡಿಸೆಂಬರ್ ಕೊನೆಗೆ ವರ್ಷದ ದಾಖಲೆಯನ್ನು ಇಳಿಸಿಕೊಂಡು ಇಟ್ಟುಕೊಳ್ಳುವುದನ್ನು ತಪ್ಪಿಸಬೇಡಿ. ಗುಡ್‌ರೀಡ್ಸ್‌ನಲ್ಲಿ ಈ ಸೌಲಭ್ಯ ಮೊಬೈಲ್ ಆಪ್‌ನಲ್ಲಿಲ್ಲ. ಕಂಪ್ಯೂಟರ್‌ನಲ್ಲಿ ಜಾಲತಾಣ ತೆರೆದು ‘ಮೈ ಬುಕ್ಸ್’ ಪುಟದ ಬದಿಯಲ್ಲಿರುವ ‘ಇಂಪೋರ್ಟ್ ಆ್ಯಂಡ್ ಎಕ್ಸ್‌ಪೋರ್ಟ್’ ಒತ್ತಬೇಕು. ಇಳಿಯುವ ಸಿಎಸ್‌ವಿ (ಪಟ್ಟಿಯ ರೂಪದ) ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸಬಹುದು. ಫೈಲ್ ಕೆಟ್ಟಿರುವುದಿಲ್ಲ, ‘ಡೇಟಾ’ ವಿಭಾಗದಿಂದ ತರಿಸಿಕೊಂಡು ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆಯ್ದುಕೊಂಡರೆ, ಅಥವಾ ಗೂಗಲ್ ಶೀಟ್ಸ್‌ನಲ್ಲಿ ತೆರೆದರೆ, ಎಲ್ಲ ಹೆಸರುಗಳೂ ಕನ್ನಡದಲ್ಲಿಯೇ ಸರಿಯಾಗಿ ಬರುತ್ತವೆ.